ಮೊದಲು ಮಳೆ ಅಳೆಯಲಿ, ಋತುವಿನ ಹೆಸರು ಆಮೇಲೆ

ನಮ್ಮ ಪ್ರಾಥಮಿಕ ಶಾಲೆಗಳ ಗೋಡೆಗಳಲ್ಲಿ ಋತುಗಳಿಗೆ ಎರಡು ಬಗೆಯ ಪಟಗಳಿವೆ. ಕನ್ನಡ ಮಾಧ್ಯಮದ ಕೊಠಡಿಯಲ್ಲಿ ವಸಂತದಿಂದ ಶಿಶಿರದವರೆಗೆ ಆರು ಹೆಸರು, ಒಂದೊಂದರ ಮುಂದೆ ಎರಡೆರಡು ಮಾಸ. ಇಂಗ್ಲಿಷ್ ಮಾಧ್ಯಮದ ನರ್ಸರಿಯಲ್ಲಿ ನಾಲ್ಕು ಚೌಕದ ಬಣ್ಣದ ಚಾರ್ಟು. ಅದರಲ್ಲಿ ಉದುರುವ ಕೆಂಪೆಲೆಗೂ ಕ್ಯಾರೆಟ್ ಮೂಗಿನ ಹಿಮದ ಬೊಂಬೆಗೂ ಜಾಗವಿದೆ, ಮುಂಗಾರಿಗೆ ಮಾತ್ರ ಇಲ್ಲ. ಎರಡನೆಯದನ್ನು ಪರದೇಶದ್ದೆಂದು ತಳ್ಳಿಹಾಕಿ ಮೊದಲನೆಯದನ್ನು ನಮ್ಮದೆಂದು ಎದೆಗೆ ಅವಚಿಕೊಳ್ಳುವುದು ಸುಲಭ. ಆದರೆ ಅದಾದರೂ ಕಲಿಯುವ ಮಗುವಿನ ಊರಿಗೆ ಹೊಂದುತ್ತದೆಯೇ? ಪಟ್ಟಿಯ ಪ್ರಕಾರ ಜ್ಯೇಷ್ಠ, ಆಷಾಢ ಗ್ರೀಷ್ಮ ಋತು, ಅಂದರೆ ಬೇಸಿಗೆ. ಹೆಚ್ಚೂಕಡಿಮೆ ಅದು ಜೂನ್, ಜುಲೈ. ಕರಾವಳಿಯಲ್ಲಿ ವರ್ಷದ ಅತಿ ಜೋರು ಮಳೆ ಸುರಿಯುವುದೂ, ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಡುವುದೂ ಆಗಲೇ. ವೈಶಾಖವನ್ನು ಪಟ್ಟಿ ವಸಂತಕ್ಕೆ ಸೇರಿಸುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಆ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಅಕ್ಟೋಬರ್ ಪಟ್ಟಿಯಲ್ಲಿ ತಿಳಿಯಾಕಾಶದ ಶರತ್ಕಾಲ. ಬೆಂಗಳೂರು, ಕೋಲಾರದ ಕಡೆಗೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ಗಳೇ ಕೆರೆ ತುಂಬಿಸುವ ತಿಂಗಳುಗಳು. ಒಂದೇ ರಾಜ್ಯದೊಳಗೆ ಒಂದೇ ಪಟ್ಟಿ ಮಂಗಳೂರಿನಲ್ಲಿ ಒಂದು ಬಗೆಯಲ್ಲಿ ತಪ್ಪುತ್ತದೆ, ಕೋಲಾರದಲ್ಲಿ ಇನ್ನೊಂದು ಬಗೆಯಲ್ಲಿ. ಮಗು ಮಾತ್ರ ಎರಡೂ ಕಡೆ ಅದನ್ನೇ ಬಾಯಿಪಾಠ ಒಪ್ಪಿಸಿ ಸರಿ ಗುರುತು ಪಡೆಯುತ್ತದೆ.

ಇದಕ್ಕೆ ಮದ್ದೆಂದು ಈಗ ಎಲ್ಲರೂ ಹೇಳುವುದು ‘ಚಟುವಟಿಕೆ’. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಬುನಾದಿ ಹಂತವೆಂದು ಕರೆದು ಆಟ ಮತ್ತು ಚಟುವಟಿಕೆಗಳ ಮೂಲಕ ಕಲಿಸಬೇಕೆಂದಿತು. 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಅದನ್ನೇ ವಿವರಿಸಿತು. ತಕರಾರು ಮಾಡುವಂಥದ್ದು ಅದರಲ್ಲೇನೂ ಇಲ್ಲ. ಆದರೆ ಆದೇಶ ತರಗತಿಗೆ ಇಳಿಯುವ ಹೊತ್ತಿಗೆ ಏನಾಗಿರುತ್ತದೆ? ಹತ್ತಿಯ ಉಂಡೆ ಅಂಟಿಸಿ ಚಳಿಗಾಲ, ಬೆರಳಚ್ಚು ಒತ್ತಿ ಮರದೆಲೆ, ‘ರೇನಿ ಡೇ’ ಆಚರಣೆಗೆ ಹೊಸ ರೇನ್‌ಕೋಟು, ಬಣ್ಣದ ಕೊಡೆ, ಒಂದು ಫೋಟೊ, ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ರವಾನೆ. ಆ ದಿನ ಹೊರಗೆ ಬಿಸಿಲಿದ್ದರೂ ಕಾರ್ಯಕ್ರಮ ನಿಲ್ಲುವುದಿಲ್ಲ, ದಿನಾಂಕ ಮೊದಲೇ ನಿಗದಿಯಾಗಿರುತ್ತದಲ್ಲ. ಇಂಥಲ್ಲಿ ಕೈಗೆ ಕೆಲಸವಿದೆ, ಕಣ್ಣಿಗಿಲ್ಲ. ಬಾಯಿಪಾಠದ ಜಾಗಕ್ಕೆ ಅಂಟು, ಕತ್ತರಿ ಬಂದಿವೆ ಅಷ್ಟೆ. ಋತು ಎಂದರೇನೆಂದು ಮೊದಲೇ ತೀರ್ಮಾನಿಸಿ ಮಗುವಿನ ಕೈಗಿಡುವ ಪದ್ಧತಿ ಹಾಗೇ ಉಳಿದಿದೆ. ನನ್ನ ವಾದ ಇಷ್ಟು: ಋತುಗಳನ್ನು ಒಂದು ವಾರದ ಪಾಠವಾಗಿ ಕಲಿಸುವುದನ್ನೇ ಬಿಡಬೇಕು. ಜೂನ್‌ನಿಂದ ಏಪ್ರಿಲ್‌ವರೆಗೆ, ದಿನಕ್ಕೆ ಹತ್ತು ನಿಮಿಷದಂತೆ, ಶಾಲೆಯಿರುವ ಊರಿನ ಮಳೆ, ಬಿಸಿಲು, ಮರಗಳನ್ನು ಮಕ್ಕಳೇ ನೋಡಿ, ಅಳೆದು, ಗೋಡೆಯ ಮೇಲೆ ಗುರುತು ಹಾಕಬೇಕು. ಹೆಸರುಗಳು ಆ ಗುರುತುಗಳ ಮೇಲೆ ಕೊನೆಗೆ ಕೂರಬೇಕು.

ವರ್ಷವಿಡೀ ಏಕೆ ಎಂದರೆ, ಋತು ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಮಳೆ ಕಾಣುತ್ತದೆ, ಮಳೆಗಾಲ ಕಾಣುವುದಿಲ್ಲ. ಅದು ಹಲವು ದಿನಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ಮೂಡುವ ಚಿತ್ರ. ಐದು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಈವರೆಗಿನ ಬದುಕಿನ ಐದನೇ ಒಂದು ಪಾಲು, ಅದರಲ್ಲೂ ಮೊದಲೆರಡು ವರ್ಷ ನೆನಪಿನಲ್ಲೇ ಇಲ್ಲ. ‘ಹೋದ ಬೇಸಿಗೆಯಲ್ಲಿ’ ಎಂದು ಶಿಕ್ಷಕಿ ಹೇಳಿದರೆ ದೊಡ್ಡವರ ತಲೆಯಲ್ಲಿ ಏಳುವ ನೆನಪುಗಳ ರಾಶಿ ಆ ಮಗುವಿನಲ್ಲಿ ಏಳುವುದಿಲ್ಲ. ಹಾಗಾಗಿ ಮಗುವಿನ ನೆನಪು ಹಿಡಿದಿಡಲಾರದ್ದನ್ನು ಗೋಡೆ ಹಿಡಿದಿಡಬೇಕು. ಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರಕ್ಕೆ ಗೆರೆ ಹಾಕುತ್ತ ಬಂದ ಹಾಗೆ ಇದು: ಬೆಳೆಯುವುದು ಯಾವ ದಿನವೂ ಕಾಣದು, ಗೆರೆಗಳ ನಡುವಿನ ಅಂತರ ಕಾಣುತ್ತದೆ. ನೋಡದೆ ಕೇಳಿ ಕಲಿತದ್ದು ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1987ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ಪದವೀಧರರು, ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ 23 ಮಂದಿಗೆ ಋತುಗಳು ಹೇಗಾಗುತ್ತವೆ, ಚಂದ್ರನ ಕಲೆಗಳು ಹೇಗಾಗುತ್ತವೆ ಎಂಬಂಥ ಪ್ರಶ್ನೆ ಕೇಳಿ ಸಾಕ್ಷ್ಯಚಿತ್ರವೊಂದನ್ನು ಮಾಡಿದರು. 21 ಮಂದಿ ತಪ್ಪು ಹೇಳಿದರು. ಸೂರ್ಯನಿಗೆ ಭೂಮಿ ಹತ್ತಿರ ಬಂದಾಗ ಬೇಸಿಗೆ ಎಂಬ ತಪ್ಪೂ ಅದರಲ್ಲಿತ್ತು. ನಿಜವಾಗಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ಬೀದರಿನ ಮಕ್ಕಳು ಸ್ವೆಟರ್ ಹಾಕಿಕೊಂಡು ಶಾಲೆಗೆ ಬರುವ ಕಾಲದಲ್ಲಿ. ಆ ಪದವೀಧರರು ಭೂಮಿಯ ಓರೆ, ಕಕ್ಷೆ ಎಲ್ಲವನ್ನೂ ಶಾಲೆಯಲ್ಲಿ ಚಿತ್ರ ಸಮೇತ ಓದಿದ್ದವರೇ. ಓದಿದ್ದಕ್ಕೆ ತಾಗುವಂತೆ ತಾವೇ ಕಂಡದ್ದು ಏನೂ ಇರಲಿಲ್ಲ.

ಹಾಗಾದರೆ ಏನನ್ನು ನೋಡಬೇಕು, ಹೇಗೆ? ಮಳೆಯಿಂದ ಶುರುಮಾಡುವುದೇ ಸರಿ, ಶಾಲೆ ಶುರುವಾಗುವುದೂ ಅದರ ಜೊತೆಗೇ. ಬದಿಗಳು ನೇರವಾಗಿರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಕುತ್ತಿಗೆಯ ಕೆಳಗೆ, ಬದಿ ನೇರವಾಗುವ ಕಡೆ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಅದೇ ಬಾಟಲಿಯೊಳಗೆ ಕೂರಿಸಿದರೆ ಆಲಿಕೆ ಆಯಿತು. ಬಿದ್ದ ನೀರು ಬಿಸಿಲಿಗೆ ಆರಿಹೋಗುವುದನ್ನೂ ಅದು ತಡೆಯುತ್ತದೆ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಒಂದಿಷ್ಟು ಹರಳು ಹಾಕಿ, ಹರಳೂ ತಳದ ಉಬ್ಬೂ ಮುಚ್ಚುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಸೊನ್ನೆ ಬರುವಂತೆ ಹೊರಗಡೆ ಸ್ಕೇಲ್ ಅಂಟಿಸಬೇಕು. ಹರಳಿನ ಭಾರಕ್ಕೆ ಗಾಳಿಗೂ ಉರುಳದು. ಸೂರಿನ ನೀರು, ಮರದ ಹನಿ ತಾಗದಷ್ಟು ದೂರ, ಬಯಲಲ್ಲಿ ಇಡಬೇಕು. ಇಷ್ಟು ಮಾಡುವುದರೊಳಗೇ ಒಂದನೇ ತರಗತಿಯ ಮಕ್ಕಳು ಕೇಳುವ ಪ್ರಶ್ನೆಗಳು ಪಾಠಕ್ಕಿಂತ ದೊಡ್ಡವು: ದೊಡ್ಡ ಬಕೆಟ್ ಇಟ್ಟರೆ ಹೆಚ್ಚು ಮಳೆ ಬಂದ ಹಾಗೆಯೇ? ಬಾಟಲಿ ಇಲ್ಲಿದ್ದು ಮಳೆ ಅಲ್ಲಿ ಮಾತ್ರ ಬಂದರೆ? ಮೊದಲನೆಯದಕ್ಕೆ ಉತ್ತರವನ್ನು ಬಾಯಲ್ಲಿ ಹೇಳುವ ಅಗತ್ಯವೇ ಇಲ್ಲ. ನೇರ ಬದಿಯ ಅಗಲವಾದ ಡಬ್ಬಿಯನ್ನೂ ಕಿರಿದಾದ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟು ಮರುದಿನ ಬೆಳಿಗ್ಗೆ ಅಳೆದರೆ ಎರಡರಲ್ಲೂ ನೀರಿನ ಎತ್ತರ ಒಂದೇ ಇರುವುದನ್ನು ಮಕ್ಕಳು ಕಂಡುಕೊಳ್ಳುತ್ತಾರೆ, ಮೊದಲಿಗೆ ನಂಬುವುದಿಲ್ಲ, ಮತ್ತೆ ಅಳೆಯುತ್ತಾರೆ. ಮಿಲಿಮೀಟರ್ ಓದಲು ಬಾರದ ಮಕ್ಕಳಿಗೆ ಇನ್ನೊಂದು ದಾರಿಯಿದೆ. ನೀರಿನ ಎತ್ತರಕ್ಕೆ ಸರಿಯಾಗಿ ಒಂದು ನೀಲಿ ಕಾಗದದ ಪಟ್ಟಿ ಕತ್ತರಿಸಿ, ತಾರೀಕು ಬರೆದು, ಗೋಡೆಯ ಮೇಲೆ ಸಾಲಾಗಿ ಅಂಟಿಸುವುದು. ಮಳೆ ಬಾರದ ದಿನ ತಾರೀಕು ಮಾತ್ರ. ಸ್ತಂಭಾಲೇಖ ಎಂಬ ಮಾತನ್ನು ಮುಂದಿನ ತರಗತಿಗಳಲ್ಲಿ ಕೇಳಲಿರುವ ಮಕ್ಕಳು ಅದನ್ನು ಆಗಲೇ ಕಟ್ಟಿ ಮುಗಿಸಿರುತ್ತಾರೆ.

ಈ ನೀಲಿ ಪಟ್ಟಿಗಳಿಗೆ ಒಂದು ವಿಶೇಷವಿದೆ. ಅವು ಮಳೆಯ ನಿಜವಾದ ಅಳತೆ, ಕುಗ್ಗಿಸಿದ್ದಲ್ಲ. ವರ್ಷದ ಪಟ್ಟಿಗಳನ್ನೆಲ್ಲ ಕಿತ್ತು ಒಂದರ ತುದಿಗೆ ಒಂದು ಜೋಡಿಸಿದರೆ ಚಳ್ಳಕೆರೆಯ ಶಾಲೆಯಲ್ಲಿ ಸುಮಾರು ಅರ್ಧ ಮೀಟರ್ ಆಗುತ್ತದೆ, ಎರಡನೇ ತರಗತಿಯ ಹುಡುಗಿಯ ತೊಡೆಯ ಎತ್ತರಕ್ಕೆ. ಆಗುಂಬೆಯದ್ದನ್ನು ಜೋಡಿಸಲು ಹೊರಟರೆ ಏಳು ಮೀಟರ್ ಮೀರುತ್ತದೆ, ತರಗತಿಯ ಗೋಡೆ ಸಾಲದೆ ಜಗಲಿಗೆ ಹೋಗಬೇಕಾದೀತು. (ಅಲ್ಲಿ ಜುಲೈನಲ್ಲಿ ಬಾಟಲಿ ಒಂದೇ ದಿನಕ್ಕೆ ತುಂಬಿ ಹರಿಯಬಹುದು; ದಿನಕ್ಕೆರಡು ಸಲ ಅಳೆಯುವುದು ಕ್ಷೇಮ.) ಎರಡೂ ಶಾಲೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲವನ್ನು ಮಳೆಗಾಲವೆಂದೇ ಕರೆಯುತ್ತವೆ. ಆದರೆ ಚಳ್ಳಕೆರೆಯ ಗೋಡೆಯಲ್ಲಿ ತಾರೀಕುಗಳೇ ಹೆಚ್ಚು, ಪಟ್ಟಿಗಳು ಅಲ್ಲೊಂದು ಇಲ್ಲೊಂದು. ಈ ಎರಡು ಗೋಡೆಗಳ ಫೋಟೊವನ್ನು ಶಾಲೆಯಿಂದ ಶಾಲೆಗೆ ಕಳಿಸಿಕೊಂಡರೆ ಭೂಗೋಳದ ಮೊದಲ ಪಾಠ ಮುಗಿಯಿತು. ತಾವು ಅಳೆದದ್ದು ಸರಿಯೋ ಎಂದು ತಾಳೆ ನೋಡುವುದಕ್ಕೂ ನಮ್ಮಲ್ಲಿ ಅನುಕೂಲವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹರಡಿವೆ, ಬೆಳಿಗ್ಗೆ 8.30ಕ್ಕೆ ಕೊನೆಗೊಳ್ಳುವ 24 ತಾಸಿನ ಲೆಕ್ಕ ಸಿಗುತ್ತದೆ. ಪಂಚಾಯಿತಿಯ ಯಂತ್ರ 22 ಎಂದು, ಶಾಲೆಯ ಬಾಟಲಿ 17 ಎಂದು ಹೇಳಿದರೆ ಯಾರು ತಪ್ಪು? ಯಾರೂ ತಪ್ಪಿಲ್ಲದಿರಬಹುದು, ಊರಿನ ಆ ತುದಿಯಲ್ಲಿ ಹೊಯ್ದ ಮಳೆ ಈ ತುದಿಯಲ್ಲಿ ಹೊಯ್ದಿರಲಿಕ್ಕಿಲ್ಲ. ಇಂಥ ಅನುಮಾನವನ್ನು ಏಳು ವರ್ಷಕ್ಕೇ ಎದುರಿಸಿದ ಮಗು ಮುಂದೆ ಅಂಕಿಅಂಶಗಳನ್ನು ಓದುವ ರೀತಿಯೇ ಬೇರೆಯಾಗುತ್ತದೆ.

ಮಳೆಯ ಜೊತೆಗೆ ಒಂದು ಮರ ಬೇಕು, ಒಂದೇ ಸಾಕು. ಶಾಲೆಯ ಆವರಣದ ಹೊಂಗೆಯೋ ಬೇವೋ ಬಾದಾಮಿಯೋ ಆಗಬಹುದು. ವಾರಕ್ಕೊಮ್ಮೆ ಅದರ ಕೆಳಗೆ ನಿಂತು ಮೂರೇ ಪ್ರಶ್ನೆ: ಎಲೆ ಹೇಗಿದೆ, ಹೂವಿದೆಯೇ, ಕಾಯಿದೆಯೇ. ಬಾದಾಮಿ ಮರವಿರುವ ಶಾಲೆಯವರು ಅದೃಷ್ಟವಂತರು. ಇಂಗ್ಲಿಷ್ ಚಾರ್ಟಿನ ಕೆಂಪೆಲೆ ಅಲ್ಲಿ ನಿಜವಾಗಿಯೂ ಉದುರುತ್ತದೆ, ಆದರೆ ಚಾರ್ಟು ಹೇಳಿದ ಕಾಲಕ್ಕಲ್ಲ, ನಮ್ಮ ಒಣಹವೆಯ ಕಾಲಕ್ಕೆ. ಫೆಬ್ರುವರಿ, ಮಾರ್ಚ್‌ನಲ್ಲಿ ಬಿಸಿಲು ಏರುತ್ತಿರುವಾಗಲೇ ಹೊಂಗೆ ಮೈತುಂಬ ಎಳೆಹಸಿರು ಹೊದೆಯುವುದನ್ನು ನೋಡಿದ ಮಕ್ಕಳು ಮಳೆಯಿಲ್ಲದೆ ಮರ ಚಿಗುರುವುದು ಹೇಗೆ ಎಂದು ಕೇಳಿದರೆ ಶಿಕ್ಷಕರೂ ಯೋಚಿಸಬೇಕಾಗುತ್ತದೆ, ಯೋಚಿಸಲಿ. ಮಕ್ಕಳ ಇಂಥ ನೋಟಕ್ಕೆ ವೈಜ್ಞಾನಿಕ ಬೆಲೆಯೂ ಇದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ‘ಸೀಸನ್‌ವಾಚ್’ ಯೋಜನೆಯಲ್ಲಿ ಜನಸಾಮಾನ್ಯರು ಆಯ್ದ ಮರಗಳನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂವು, ಕಾಯಿಗಳ ವಿವರ ದಾಖಲಿಸುತ್ತಾರೆ. ಅದಕ್ಕೆ ಬಂದ ಮಾಹಿತಿಯಲ್ಲಿ ದೊಡ್ಡ ಪಾಲು ಕೇರಳದ ಶಾಲಾ ಮಕ್ಕಳದ್ದು. ವಿಷು ಹಬ್ಬಕ್ಕೆ ಬೇಕಾದ ಕಣಿಕೊನ್ನೆ, ಅಂದರೆ ನಮ್ಮ ಕಕ್ಕೆ, ಈಗ ಹಬ್ಬಕ್ಕೆ ಎಷ್ಟು ಮೊದಲೇ ಅರಳುತ್ತಿದೆ ಎಂಬ ಚರ್ಚೆ ಅಲ್ಲಿ ನಡೆದಾಗ ಈ ಮಕ್ಕಳ ದಾಖಲೆ ಕೆಲಸಕ್ಕೆ ಬಂದಿದೆ. ಕರ್ನಾಟಕದ ಮಕ್ಕಳಿಗೂ ಯುಗಾದಿಗೆ ಬೇವಿನ ಹೂ ಬೇಕು. ಅದು ಎಂದು ಬಿಟ್ಟಿತು ಎಂದು ಬರೆದಿಟ್ಟ ಶಾಲೆಗಳು ಎಷ್ಟಿವೆ?

ಮೂರನೆಯದು ನೆರಳು. ತಿಂಗಳಿಗೊಮ್ಮೆ, ಬಿಸಿಲಿದ್ದ ದಿನ, ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ನಡುಹಗಲಿನ ನೆರಳಿನ ತುದಿಗೆ ಕಲ್ಲಿಡುವುದು, ಅಷ್ಟೇ ಕೆಲಸ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಗೆ ಆ ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚುತ್ತದೆ. ಏಪ್ರಿಲ್ 24ರ ಆಸುಪಾಸು ಕೋಲಿನ ಬುಡದಲ್ಲೇ ಅಡಗಿ ಇಲ್ಲವಾಗುತ್ತದೆ. ಜೂನ್‌ನಲ್ಲಿ ಮೋಡ ಸರಿದರೆ ಅದು ದಕ್ಷಿಣಕ್ಕೆ ತಿರುಗಿ 18 ಸೆಂಟಿಮೀಟರ್ ಇರುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಶೂನ್ಯ. ಇಲ್ಲೇ ನಮ್ಮ ನಾಡಿನ ಋತುಗಳ ಗುಟ್ಟಿದೆ, ವಿದೇಶಿ ಪುಸ್ತಕದ ಗ್ಲೋಬು ಮತ್ತು ಟಾರ್ಚಿನ ಚಟುವಟಿಕೆಯಲ್ಲಿ ಇದು ಸಿಗುವುದಿಲ್ಲ. ಸೂರ್ಯ ನಮ್ಮ ನೆತ್ತಿಯ ಮೇಲೆ ವರ್ಷಕ್ಕೆರಡು ಸಲ ಬರುತ್ತಾನೆ. ಒಂದು ಸಲ ಬೇಸಿಗೆ, ಇನ್ನೊಂದು ಸಲ ಶ್ರಾವಣದ ತಂಪು. ನೆರಳು ಒಂದೇ, ಹವೆ ಬೇರೆ. ವ್ಯತ್ಯಾಸ ಮಾಡಿದ್ದು ಏನು ಎಂದು ಮಕ್ಕಳು ಗೋಡೆಯತ್ತ ನೋಡಿದರೆ ಆಗಸ್ಟ್‌ನ ಜಾಗದಲ್ಲಿ ನೀಲಿ ಪಟ್ಟಿಗಳಿರುತ್ತವೆ. ಯುರೋಪಿನ ಋತುಗಳನ್ನು ಹೆಚ್ಚಾಗಿ ಸೂರ್ಯನ ಎತ್ತರ ನಡೆಸುತ್ತದೆ. ನಮ್ಮವನ್ನು ಸೂರ್ಯನ ಜೊತೆಗೆ ಮೋಡವೂ ನಡೆಸುತ್ತದೆ. ಭೂಮಿಯ ಓರೆಯ ವಿವರಣೆ ಎಂಟು ವರ್ಷದ ಮಗುವಿಗೆ ಬೇಕಿಲ್ಲ. ಹೈಸ್ಕೂಲಿನಲ್ಲಿ ಆ ವಿವರಣೆ ಬಂದಾಗ ತಾನಿಟ್ಟ ಕಲ್ಲುಗಳ ನೆನಪಿರಬೇಕು, ಆಗಷ್ಟೇ ಅದು ತಲೆಗೆ ಹತ್ತುತ್ತದೆ.

ಹಬ್ಬ ಮತ್ತು ಊಟದ ಮೂಲಕವೂ ಋತು ತಿಳಿಯುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಉತ್ತರ ಕರ್ನಾಟಕದ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಎತ್ತು ಮಾಡುವುದಕ್ಕಿಂತ ಒಳ್ಳೆಯ ಕೈಕೆಲಸವನ್ನು ಯಾವ ಪಠ್ಯಕ್ರಮ ತಜ್ಞರೂ ರೂಪಿಸಲಾರರು. ಬಿತ್ತನೆಯ ಹೊತ್ತು, ಹದಕ್ಕೆ ಬಂದ ಮಣ್ಣು, ದುಡಿಯುವ ಎತ್ತು, ಮೂರೂ ಒಂದೇ ಮುದ್ದೆಯಲ್ಲಿವೆ. ಡಿಸೆಂಬರ್, ಜನವರಿಯ ಅವರೆಕಾಯಿ, ಸುಗ್ಗಿಗೆ ಮುಂಚಿನ ಜೋಳದ ಸೀತನಿ, ಆಟಿ ತಿಂಗಳ ಪತ್ರೊಡೆ, ಮಳೆ ಹಿಡಿದಾಗಿನ ಕಳಲೆ, ಅಣಬೆ ಎಲ್ಲವೂ ಮನೆಯಿಂದ ಶಾಲೆಗೆ ಬರಬಹುದಾದ ಸಾಕ್ಷಿಗಳೇ. ಮನೆಯಲ್ಲಿ ಈ ವಾರ ಹೊಸದಾಗಿ ಬಂದ ತರಕಾರಿ, ಹಣ್ಣು ಯಾವುದು ಎಂದು ಸೋಮವಾರ ಕೇಳಿ, ಅದರ ಚಿತ್ರವನ್ನು ಅದೇ ಗೋಡೆಯ ಮೇಲೆ ತಾರೀಕಿನ ಕೆಳಗೆ ಬರೆಸಿದರೆ ಸಾಕು. ಇದನ್ನು ವೇಷಭೂಷಣ ಸ್ಪರ್ಧೆಯಾಗಿ ಮಾಡದಿದ್ದರೆ ಇನ್ನೂ ಒಳ್ಳೆಯದು.

ಇದಕ್ಕೆಲ್ಲ ಸಮಯವೆಲ್ಲಿದೆ ಎಂಬುದು ಮೊದಲ ಆಕ್ಷೇಪ, ನ್ಯಾಯವಾದದ್ದೂ ಹೌದು. ಹಲವು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಐದು ತರಗತಿ ನೋಡಿಕೊಳ್ಳುತ್ತಾರೆ. ಅದರ ಮೇಲೆ ಬಿಸಿಯೂಟದ ಲೆಕ್ಕ, ಸಮೀಕ್ಷೆ, ಆ್ಯಪ್‌ಗಳಿಗೆ ತುಂಬಬೇಕಾದ ಮಾಹಿತಿ. 2021ರಿಂದ ‘ನಿಪುಣ್ ಭಾರತ್’ ಹೆಸರಿನಲ್ಲಿ ಓದು, ಬರಹ, ಲೆಕ್ಕದ ಗುರಿಗಳೂ ಬಂದಿವೆ. ಈ ಹೊರೆಯ ಮೇಲೆ ಮತ್ತೊಂದು ಚಟುವಟಿಕೆ ಹೇರುವುದಾದರೆ ನಾನೂ ವಿರೋಧಿಸುತ್ತೇನೆ. ಆದರೆ ಮಳೆ ಅಳೆಯುವುದು ಆ ಗುರಿಗಳ ಹೊರಗಿನ ಕೆಲಸವಲ್ಲ. ಪಟ್ಟಿ ಅಳೆಯುವುದು, ನಿನ್ನೆಯದಕ್ಕಿಂತ ಎಷ್ಟು ಉದ್ದ ಎಂದು ಕಳೆಯುವುದು, ವಾರದ ಮಳೆ ಕೂಡುವುದು ಲೆಕ್ಕ; ‘ಇವತ್ತು ಮಳೆ ಬರಲಿಲ್ಲ, ಗಾಳಿ ಬೀಸಿತು’ ಎಂದು ಬರೆಯುವುದು ಬರಹ. ಬಹುವರ್ಗದ ಕೊಠಡಿಗೆ ಇದು ಇನ್ನೂ ಹೊಂದುತ್ತದೆ: ಚಿಕ್ಕವರು ಪಟ್ಟಿ ಕತ್ತರಿಸುತ್ತಾರೆ, ದೊಡ್ಡವರು ಅಂಕಿ ಬರೆಯುತ್ತಾರೆ. ಇದಕ್ಕೆ ಅಡಿಪಾಯವೂ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯವೆಲ್ಲ ಹರಡಿದ ನಲಿ-ಕಲಿ ಪದ್ಧತಿ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಗುಂಪಿನಲ್ಲಿ, ಅವರವರ ವೇಗದಲ್ಲಿ ಕಲಿಸುತ್ತದೆ. ನಲಿ-ಕಲಿ ಕೊಠಡಿಯಲ್ಲಿ ಹವಾಮಾನ ನಕ್ಷೆ ಇರುತ್ತದೆ. ಮಕ್ಕಳು ಬಿಸಿಲು, ಮೋಡ, ಮಳೆ ಎಂದು ಗುರುತು ಮಾಡುತ್ತಾರೆ. ಆದರೆ ಆ ಗುರುತಿಗೆ ಆಯುಷ್ಯ ಎಷ್ಟು? ತಿಂಗಳು ಮುಗಿದಾಗ ಅದನ್ನು ಅಳಿಸದೆ, ಹರಿಯದೆ ಮುಂದಿನ ತಿಂಗಳಿನ ಪಕ್ಕಕ್ಕೆ ಅಂಟಿಸಿದರೆ ಅರ್ಧ ಕೆಲಸ ಆದಂತೆ. ನಾನು ಕೇಳುತ್ತಿರುವುದು ಹೊಸ ಚಟುವಟಿಕೆಯನ್ನಲ್ಲ, ಇರುವುದನ್ನು ಎಸೆಯದಿರುವುದನ್ನು.

ಆರು ಋತುಗಳು ನಮ್ಮ ಪರಂಪರೆ, ಅವನ್ನು ಕೈಬಿಡುವುದೇ ಎಂಬುದು ಇನ್ನೊಂದು ಆಕ್ಷೇಪ. ಕೈಬಿಡಬೇಕಿಲ್ಲ. ಆ ಹೆಸರುಗಳಿಲ್ಲದೆ ಕನ್ನಡ ಕಾವ್ಯವನ್ನೂ ಪಂಚಾಂಗವನ್ನೂ ಓದಲಾಗದು. ಆದರೆ ಪರಂಪರೆಯೆಂದರೆ ಆ ಒಂದೇ ಪಟ್ಟಿಯಲ್ಲ. ನಮ್ಮ ರೈತರು ವರ್ಷವನ್ನು ಎಣಿಸಿದ್ದು ಮಳೆ ನಕ್ಷತ್ರಗಳಲ್ಲಿ. ಮೇ ಕೊನೆಗೆ ರೋಹಿಣಿ, ಜೂನ್ 7ರ ಸುಮಾರಿಗೆ ಮೃಗಶಿರ, ಜೂನ್ 21ರ ಹೊತ್ತಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಸೂರ್ಯ ಆಯಾ ನಕ್ಷತ್ರದಲ್ಲಿರುವ ಅವಧಿಯನ್ನು ಹಿಡಿದು ಮಾಡಿದ ಲೆಕ್ಕವಾದ್ದರಿಂದ ಇದು ಚಾಂದ್ರಮಾನ ಮಾಸಗಳಂತೆ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುವುದಿಲ್ಲ, ಇಂಗ್ಲಿಷ್ ತಾರೀಕಿನೊಂದಿಗೆ ಸರಿಸುಮಾರು ಕೂಡಿಯೇ ನಡೆಯುತ್ತದೆ. ಆರು ದೊಡ್ಡ ಋತುಗಳಿಗಿಂತ ಎರಡು ವಾರದ ಈ ತುಂಡುಗಳು ಮಗುವಿನ ಹಿಡಿತಕ್ಕೆ ಸಿಗುವಂಥವು. ಗೋಡೆಯ ಪಟ್ಟಿಗಳ ಮೇಲೆ ನಕ್ಷತ್ರದ ಹೆಸರು ಬರೆದು, ಮನೆಯಲ್ಲಿ ಅಜ್ಜ ಅಜ್ಜಿ ಆ ಮಳೆಯ ಬಗ್ಗೆ ಏನು ಹೇಳುತ್ತಾರೆ ಕೇಳಿಕೊಂಡು ಬನ್ನಿ ಎಂದರೆ ಗಾದೆಗಳೇ ಹೊರೆಗಟ್ಟಲೆ ಬರುತ್ತವೆ. ಅವನ್ನು ಭಕ್ತಿಯಿಂದ ಒಪ್ಪಬೇಕಾಗಿಲ್ಲ, ಮೂಢನಂಬಿಕೆಯೆಂದು ತಳ್ಳಬೇಕಾಗಿಯೂ ಇಲ್ಲ. ಈ ವರ್ಷ ಮಘೆ ಹುಯ್ದಿತೇ? ಗೋಡೆ ನೋಡಿ. ಹಿರಿಯರ ಮಾತನ್ನು ಗೌರವದಿಂದ ಪರೀಕ್ಷಿಸುವುದು ಹೇಗೆಂದು ಕಲಿಸಲು ಇದಕ್ಕಿಂತ ಸೌಮ್ಯವಾದ ಜಾಗ ಸಿಗಲಾರದು. ಹವಾಮಾನ ಇಲಾಖೆಯ ನಾಲ್ಕು ಭಾಗಗಳನ್ನೂ (ಜನವರಿ-ಫೆಬ್ರುವರಿ ಚಳಿ, ಮಾರ್ಚ್‌ನಿಂದ ಮೇ ಮುಂಗಾರು ಪೂರ್ವ, ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು, ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು) ಪಕ್ಕದಲ್ಲಿಟ್ಟು ಯಾವ ಪಟ್ಟಿ ನಮ್ಮ ಊರಿಗೆ ಹತ್ತಿರ ಎಂದು ನಾಲ್ಕನೇ ತರಗತಿಯಲ್ಲಿ ಚರ್ಚಿಸಬಹುದು.

ಹವಾಮಾನವೇ ಕೆಟ್ಟು ಕೂತಿರುವಾಗ ಋತುಗಳ ಪಾಠಕ್ಕೆ ಅರ್ಥವೆಲ್ಲಿ ಎನ್ನುವವರೂ ಇದ್ದಾರೆ. ಮುಂಗಾರು ಜೂನ್ 1ಕ್ಕೆ ಕೇರಳ ಮುಟ್ಟುತ್ತದೆ ಎಂದು ಪುಸ್ತಕ ಹೇಳುತ್ತದೆ. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. 2023ರ ಆಗಸ್ಟ್ 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್; ಆ ವರ್ಷ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಇದರಿಂದ ಸೋಲುವುದು ಬಾಯಿಪಾಠ ಮಾತ್ರ. ಗೋಡೆಯ ದಾಖಲೆಗೆ ಬರವೂ ಒಂದು ಸಂಗತಿ, ಅತಿವೃಷ್ಟಿಯೂ ಒಂದು ಸಂಗತಿ. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂ ಅರಳಿದ ದಿನಗಳ ಬಿಡಿಬಿಡಿ ದಾಖಲೆ ಒಂಬತ್ತನೇ ಶತಮಾನದಿಂದ ಸಿಗುವುದರಿಂದಲೇ ಅಲ್ಲಿನ ವಸಂತ ಈಗ ಎಷ್ಟು ಬೇಗ ಬರುತ್ತಿದೆಯೆಂದು ಖಚಿತವಾಗಿ ಹೇಳಲು ಸಾಧ್ಯವಾಗಿದೆ. ಬರೆದವರಿಗೆ ತಾಪಮಾನ ಏರಿಕೆಯ ಕಲ್ಪನೆಯೂ ಇರಲಿಲ್ಲ, ಹೂವಿನ ಹಬ್ಬದ ದಿನ ಗುರುತಿಟ್ಟರು. ಹವಾಮಾನ ಬದಲಾವಣೆಯ ಬಗ್ಗೆ ಚಿಕ್ಕ ಮಕ್ಕಳಿಗೆ ಕರಗುವ ಹಿಮಗಡ್ಡೆ, ಸೊರಗಿದ ಹಿಮಕರಡಿಯ ಚಿತ್ರ ತೋರಿಸಿ ಭಯ ಹುಟ್ಟಿಸುವ ಕ್ರಮಕ್ಕಿಂತ, ನಮ್ಮ ಬೇವು ಹೋದ ವರ್ಷ ಎಂದು ಹೂಬಿಟ್ಟಿತ್ತು, ಈ ವರ್ಷ ಯಾವಾಗ ಎಂದು ಕೇಳುವುದು ಹೆಚ್ಚು ಪ್ರಾಮಾಣಿಕ.

ಏಪ್ರಿಲ್, ಮೇ ಮತ್ತು ದಸರಾ ರಜೆಯಲ್ಲಿ ಬಾಟಲಿ ನೋಡುವವರಾರು ಎಂದೂ ಕೇಳಬಹುದು. ಶಾಲೆಯ ಹತ್ತಿರದ ಮನೆಯ ಇಬ್ಬರು ಮಕ್ಕಳು ನೋಡಿದರೆ ನೋಡಿದರು, ಇಲ್ಲದಿದ್ದರೆ ಆ ಜಾಗ ಖಾಲಿ ಇರಲಿ. ನೋಡದ ದಿನಕ್ಕೆ ಅಂದಾಜಿನ ಅಂಕಿ ತುಂಬಬಾರದು ಎಂಬುದನ್ನೂ ಕಲಿಸಬೇಕಲ್ಲ. ಮಳೆ ಬಾರದ ದಿನ, ನೋಡದ ದಿನ ಎರಡೂ ಒಂದೇ ಅಲ್ಲವೆಂದು ತಿಳಿದ ಮಗು ಎಷ್ಟೋ ದೊಡ್ಡವರಿಗಿಂತ ಮುಂದಿದೆ. ಅಂಗಳವೇ ಇಲ್ಲದ ನಗರದ ಶಾಲೆಗಳಿಗೆ ತಾರಸಿ ಇದೆ, ಎದುರಿನ ರಸ್ತೆಯಲ್ಲಿ ಒಂದು ಮರವಾದರೂ ಇದೆ. ಮಕ್ಕಳು ಒದ್ದೆಯಾಗಿ ಶೀತ ಹಿಡಿಯುತ್ತದೆ ಎನ್ನುವ ಪಾಲಕರಿಗೆ ಮಳೆ ನಿಂತ ಮೇಲೆಯೇ ಅಳೆಯುವುದೆಂದು ತಿಳಿಸಿದರೆ ಆಯಿತು.

ನನಗೆ ಹೆಚ್ಚು ಅಂಜಿಕೆಯಿರುವುದು ಈ ಆಕ್ಷೇಪಗಳಿಂದಲ್ಲ, ಅತಿ ಉತ್ಸಾಹದಿಂದ. ಇಂಥದ್ದೊಂದು ವಿಚಾರ ಇಲಾಖೆಯ ಕಿವಿಗೆ ಬಿದ್ದರೆ ‘ಋತು ಕಿಟ್’ ಖರೀದಿಗೆ ಟೆಂಡರ್ ಕರೆದು, ಅಚ್ಚಾದ ಪಟ್ಟಿಗಳನ್ನೂ ರೆಡಿ ಮಾಪಕವನ್ನೂ ಶಾಲೆಗೆ ಕಳಿಸಿ, ದಿನವೂ ಫೋಟೊ ಅಪ್‌ಲೋಡ್ ಮಾಡಿ ಎಂದು ಆದೇಶಿಸುವ ಸಾಧ್ಯತೆ ಇದ್ದೇ ಇದೆ. ಆಗ ಮಳೆ ಬಾರದ ದಿನವೂ ಬಾಟಲಿಗೆ ನಲ್ಲಿ ನೀರು ಬೀಳುತ್ತದೆ. ಬೇಕಾದದ್ದು ಬಹಳ ಕಡಿಮೆ. ಪಠ್ಯಪುಸ್ತಕದ ಜೊತೆ ಶಾಲೆಗೊಂದು ದಪ್ಪ ರಟ್ಟಿನ ನೋಟ್‌ಬುಕ್. ಗೋಡೆಯ ಪಟ್ಟಿಗಳನ್ನು ಶಾಲೆಯ ವರ್ಷದ ಕೊನೆಗೆ ತೆಗೆಯುವಾಗ ಅವುಗಳ ಅಂಕಿಗಳು, ಮರದ ವಿವರ, ನೆರಳಿನ ಅಳತೆ ಇದರೊಳಗೆ ಸೇರಬೇಕು. ಅದಕ್ಕೆ ಅಂಕವಿಲ್ಲ, ತಪಾಸಣೆಯಿಲ್ಲ, ಮೇಲಧಿಕಾರಿಗೆ ವರದಿಯಿಲ್ಲ. ಮಗುವಿನ ಕಲಿಕೆಯನ್ನು ತಿಳಿಯಬೇಕೆಂದರೆ ಶಿಕ್ಷಕಿ ಒಂದೇ ಪ್ರಶ್ನೆ ಕೇಳಲಿ: ಹೋದ ತಿಂಗಳಿಗಿಂತ ಈ ತಿಂಗಳು ಏನು ಬದಲಾಯಿತು, ನಿನಗೆ ಹೇಗೆ ಗೊತ್ತು? ಶಿಕ್ಷಕರಿಗೆ ವರ್ಗವಾದಾಗ ನೋಟ್‌ಬುಕ್ ಶಾಲೆಯ ಬೀರುವಿನಲ್ಲೇ ಉಳಿಯಬೇಕು, ದಾಖಲಾತಿ ರಿಜಿಸ್ಟರಿನ ಪಕ್ಕದಲ್ಲಿ. ಒಂದನೇ ತರಗತಿಯಲ್ಲಿ ಪಟ್ಟಿ ಕತ್ತರಿಸಿದ ಹುಡುಗ ಐದನೇ ತರಗತಿಯಲ್ಲಿ ಅದನ್ನು ತೆಗೆದು ಐದು ಜೂನ್‌ಗಳನ್ನು ಅಕ್ಕಪಕ್ಕ ಇಟ್ಟು ಕೂಡುವ ಲೆಕ್ಕ ಮಾಡಬಹುದು. ಈ ಜೂನ್‌ಗೆ ಶುರುಮಾಡಲು ಯಾವ ಸುತ್ತೋಲೆಗೂ ಕಾಯಬೇಕಿಲ್ಲ, ಕತ್ತರಿ, ಬಾಟಲಿ, ಅಂಟು ಬಹುತೇಕ ಶಾಲೆಗಳಲ್ಲಿ ಆಗಲೇ ಇವೆ.